ನೀಲಿ ಕಾರಿನ ಹಲ್ಲು

ಮಾವ ತಮ್ಮ ನೀಲಿ ಕಾರಿನ ಕೀಲಿಯನ್ನು ಚಿಕ್ಕಳಿಯನ ಅಂಗೈಯಲ್ಲಿಟ್ಟಾಗ ದೊಡ್ಡಳಿಯ ಅದೇ ಹಜಾರದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೇಸಿನ್ನಿನ ಕೆಳಗಿನ ಪೈಪು ಸರಿಮಾಡುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ಸ್ಪ್ಯಾನರ್ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎಲ್ಲರಿಗಿಂತ ತುಸು ಹೆಚ್ಚು ಹೊತ್ತೇ ತಟ್ಟಿದ. ಪೈಪು ಮಾತ್ರ ಆವತ್ತು ಸರಿಹೋಗಲಿಲ್ಲ.

ಆ ಕಾರು ತನ್ನದೆಂದು ಅವನು ಮನಸ್ಸಿನಲ್ಲಿ ಬರೆದುಕೊಂಡು ಎಷ್ಟೋ ಕಾಲವಾಗಿತ್ತು. ಮೀಸೆ ಮೂಡುವ ಮೊದಲೇ ಮಾವನ ಗ್ಯಾರೇಜಿಗೆ ಕೆಲಸ ಕಲಿಯಲು ಬಂದವನು. ತಾನಾಗಿ ಗೇರು ಬದಲಿಸಿಕೊಳ್ಳುವ ಕಾರನ್ನು ಜನ ನಿಂತು ನೋಡುತ್ತಿದ್ದ ದಿನಗಳಲ್ಲಿ ಮಾವ ಅದನ್ನು ಕೊಂಡು ತಂದಿದ್ದರು. ಅದರ ಹೊಟ್ಟೆ ಬಿಚ್ಚಿ ತೋರಿಸಿಯೇ ಇವನಿಗೆ ವಿದ್ಯೆ ಕಲಿಸಿದ್ದರು. ಆಮೇಲೆ ಹಿರಿಮಗಳನ್ನು ಕೊಟ್ಟರು. ಮಂಡಿ ನೋವು ಶುರುವಾದಾಗ ಗ್ಯಾರೇಜನ್ನೂ ಇವನ ಕೈಗೆ ಕೊಟ್ಟು ಮನೆಯಲ್ಲಿ ಕೂತರು. ಇಷ್ಟೆಲ್ಲ ಕೊಟ್ಟವರು ಕಾರನ್ನೂ ಕೊಡದೆ ಇರುತ್ತಾರೆಯೇ ಎಂದು ಅವನು ನೆಮ್ಮದಿಯಾಗಿದ್ದ. ಕೊಟ್ಟದ್ದು ನೋಡಿದರೆ ಷಡ್ಡಕನಿಗೆ, ಕಿರಿಮಗಳ ಗಂಡನಿಗೆ, ಹಲ್ಲಿನ ಡಾಕ್ಟರಿಗೆ. ಸ್ಟೆಪ್ನಿ ಎಲ್ಲಿದೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುವ ಮನುಷ್ಯನಿಗೆ.

"ನಿನಗ್ಯಾಕೋ ಅದು?" ಎಂದಿದ್ದರು ಮಾವ, ಇವನ ಮುಖ ಸಣ್ಣಗಾದದ್ದನ್ನು ಕಂಡು. "ದಿನಾ ಹತ್ತು ಗಾಡಿ ಓಡಿಸ್ತೀಯ. ಅವರು ಆಸೆಪಟ್ರು, ಕೊಟ್ಟೆ."

ನಿನಗೆ, ಅವರಿಗೆ. ಅವನ ಹೊಟ್ಟೆಕಿಚ್ಚಿನ ಒಲೆ ಉರಿಯುತ್ತಿದ್ದದ್ದು ಅಲ್ಲೇ. ಡಾಕ್ಟರು ಮನೆಗೆ ಬಂದರೆ ಮಾವ ಎದ್ದು ನಿಂತು "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಇವನು ಬಂದರೆ ಪತ್ರಿಕೆಯಿಂದ ತಲೆಯೆತ್ತದೆ "ಬಂದ್ಯಾ? ಆ ಫ್ಯಾನು ಯಾಕೋ ಸದ್ದು ಮಾಡ್ತಿದೆ, ನೋಡು" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದನ್ನು ಅವನು ಕೇಳಿದ್ದ. ಹಿತ್ತಲ ಗಿಡಕ್ಕೆ ಅದು ಎಷ್ಟು ಉರಿಯುತ್ತದೆಂದು ಯಾರೂ ಹೇಳಿರಲಿಲ್ಲ. ಸಾಲದ್ದಕ್ಕೆ ಡಾಕ್ಟರು ನಗಿಸುವ ಜಾತಿಯ ಮನುಷ್ಯ. ಊಟಕ್ಕೆ ಕೂತರೆ ಮಾವ ನಗುತ್ತಿದ್ದರು, ನಾದಿನಿ ನಗುತ್ತಿದ್ದಳು, ಕೊನೆಗೆ ಇವನ ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮನೆಯಲ್ಲಿ ಇವನು ಏನಾದರೂ ತಮಾಷೆ ಹೇಳಿದರೆ ಅವಳು "ಹ್ಞೂಂ, ಆಮೇಲೆ?" ಎಂದು ಕೇಳುವವಳು.

ಇವನ ಕಸುಬೂ ಆ ನಗುವಿಗೆ ಆಹಾರವಾಗಿತ್ತು. ಮಾವ ಕಲಿಸಿದ ಮೊದಲ ಪಾಠವೆಂದರೆ, ಬೋಲ್ಟು ಬಿಗಿಮಾಡಿದ ಕೂಡಲೇ ಅದರ ತಲೆಯ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟು ಸಡಿಲಾದರೆ ಗೆರೆ ಮುರಿಯುತ್ತದೆ, ಕಣ್ಣಿಗೆ ಬೀಳುತ್ತದೆ. ಮಾವ ಬಿಳಿ ಬಣ್ಣ ಬಳಸುತ್ತಿದ್ದರು. ಸ್ವಂತವಾಗಿ ಕೆಲಸ ಮಾಡುವಷ್ಟಾದಾಗ ಇವನು ಹಳದಿ ಆರಿಸಿಕೊಂಡ, ತನ್ನ ಕೆಲಸ ತನ್ನದೆಂದು ತಿಳಿಯಲಿ ಎಂದು. ಒಮ್ಮೆ ಡಾಕ್ಟರು ಎಂಜಿನ್ನಿನ ಮೇಲೆ ಬಗ್ಗಿ ಅದನ್ನೆಲ್ಲ ನೋಡಿ, "ಅಣ್ಣ, ನಾನೂ ಹಲ್ಲು ಕಟ್ಟಿದ ಮೇಲೆ ಹೀಗೇ ಗೆರೆ ಎಳೆದು ಕಳಿಸ್ತೀನಿ, ಅಲ್ಲಾಡಿದ್ರೆ ವಾಪಸ್ ಬರ್ಲಿ" ಎಂದಿದ್ದರು. ಮಾವ ಕೆಮ್ಮು ಬರುವಷ್ಟು ನಕ್ಕರು. ಅವರೇ ಹೇಳಿಕೊಟ್ಟ ಪಾಠಕ್ಕೆ ಅವರೇ ನಕ್ಕದ್ದು ಇವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತು.

ಹೀಗಿರುವಾಗ ಡಾಕ್ಟರೇ ತಾವಾಗಿ ಬಂದು ಬಲೆಯ ಮುಂದೆ ನಿಂತರು.

"ಅಣ್ಣ, ಗೇರ್ ಬೀಳುವಾಗ ಒಂದು ಥರಾ ಒದ್ದಂಗಾಗ್ತಿದೆ. ಸ್ವಲ್ಪ ನೋಡ್ತೀರಾ? ನೀವು ಬಿಟ್ಟರೆ ಬೇರೆ ಯಾರ ಕೈಗೂ ಇದನ್ನ ಕೊಡಲ್ಲ ನಾನು."

ರೋಗ ಏನೆಂದು ನೋಡಲು ಪಕ್ಕದಲ್ಲಿ ಕೂತು ಒಂದು ಸುತ್ತು ಹೋದ. ರೋಗ ಸಣ್ಣದು: ಗೇರ್‌ಬಾಕ್ಸಿನ ಆಯಿಲ್ ಹಳೆಯದಾಗಿತ್ತು, ಅಷ್ಟೇ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದರೆ ಮುಗಿಯಿತು. ಆದರೆ ಆ ಸುತ್ತಿನ ಕೊನೆಯಲ್ಲಿ ಡಾಕ್ಟರು "ಕಾಫಿ ಕುಡಿದು ಹೋಗಿ" ಎಂದು ತಮ್ಮ ಮನೆಯ ಕಡೆ ತಿರುಗಿಸಿದರು. ಅವರ ಮನೆ ರಸ್ತೆಯಿಂದ ಕೆಳಗಿತ್ತು. ರಸ್ತೆಯಿಂದ ಗೇಟಿನವರೆಗೆ ಸಿಮೆಂಟಿನ ಕಡಿದಾದ ಇಳಿಜಾರು. ಡಾಕ್ಟರು ಅದರ ಮೇಲೆಯೇ, ಗೇಟಿಗೂ ಮೂತಿಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ ಬಿಟ್ಟು ಕಾರು ನಿಲ್ಲಿಸಿ, ಗೇರಿನ ಹಿಡಿಯನ್ನು ‘ಪಾರ್ಕ್’ ಎಂಬ ಗುರುತಿಗೆ ದೂಡಿ, ಬಾಗಿಲನ್ನು ದಬ್ಬನೆ ಹಾಕಿ, ಕಾರಿಗೆ ಬೆನ್ನು ಮಾಡಿ ನಿಂತು ಗೇಟಿನ ಚಿಲಕದ ಜೊತೆ ಗುದ್ದಾಡತೊಡಗಿದರು.

"ಹ್ಯಾಂಡ್‌ಬ್ರೇಕ್ ಹಾಕಲ್ವಾ?" ಎಂದು ಇವನು ಕಿಟಕಿಯಿಂದ ಕೇಳಿದ.

"ಅದನ್ನ ಎಳೆದ್ರೆ ಕರಕರ ಅನ್ನತ್ತೆ ಅಣ್ಣ. ದಿನವಿಡೀ ಕ್ಲಿನಿಕ್‌ನಲ್ಲಿ ಅದೇ ಸದ್ದು ಕೇಳಿ ಸಾಕಾಗಿರತ್ತೆ. ಪಾರ್ಕಿಗೆ ಹಾಕಿದೀನಲ್ಲ, ಸಾಕು."

ಅವನು ಕೂತಲ್ಲೇ ಕೂತಿದ್ದ. ಮುಂದಿನ ಗಾಜಿನಲ್ಲಿ ಡಾಕ್ಟರ ಬೆನ್ನು, ಅದರಾಚೆ ಕಬ್ಬಿಣದ ಗೇಟು, ಎರಡರ ಹಿಂದೆ ಇಳಿಜಾರಿನ ಮೇಲೆ ಒಂದು ಕಾರಿನ ಭಾರ. ಕಾಫಿ ಚೆನ್ನಾಗಿತ್ತು. ಇನ್ನೊಂದು ಲೋಟ ಕೇಳಿ ಕುಡಿದ.

ಪಾರ್ಕಿಗೆ ಹಾಕಿದರೆ ಸಾಕು ಎಂದು ಜನ ನಂಬುತ್ತಾರೆ. ಆದರೆ ಆಗ ಕಾರನ್ನು ಹಿಡಿದು ನಿಲ್ಲಿಸುವುದು ಬ್ರೇಕೂ ಅಲ್ಲ, ಎಂಜಿನ್ನೂ ಅಲ್ಲ. ಗೇರ್‌ಬಾಕ್ಸಿನ ಒಳಗಿರುವ ಬೆರಳುದ್ದದ ಒಂದು ಉಕ್ಕಿನ ಹಲ್ಲು. ಅದು ಒಳಗಿನ ಹಲ್ಲುಚಕ್ರವೊಂದರ ಸಂದಿಗೆ ಬಿದ್ದು ಕಚ್ಚಿಕೊಳ್ಳುತ್ತದೆ. ಅದನ್ನು ಆ ಸಂದಿಯೊಳಕ್ಕೆ ಒತ್ತಿ ಹಿಡಿಯಲು ಎರಡು ಬೋಲ್ಟಿನ ಒಂದು ಉಕ್ಕಿನ ಪಟ್ಟಿ ಇದೆ. ಪಟ್ಟಿ ಸವೆದರೆ ಹಲ್ಲು ಅರ್ಧಕ್ಕೆ ಕಚ್ಚುತ್ತದೆ. ಸಮತಟ್ಟಾದ ಜಾಗದಲ್ಲಿ ಅರ್ಧ ಕಚ್ಚಿದರೂ ನಡೆಯುತ್ತದೆ. ಇಳಿಜಾರಿನಲ್ಲಿ, ಕಾರಿನ ತೂಕವೆಲ್ಲ ಅದರ ಮೇಲೆ ಬಿದ್ದಿರುವಾಗ, ಯಾರಾದರೂ ಬಾಗಿಲನ್ನು ದಬ್ಬನೆ ಹಾಕಿದರೆ ನಡೆಯುವುದಿಲ್ಲ. ಆ ಹಳೆಯ ಕಾರಿನ ಬಾಗಿಲೋ, ದಬ್ಬನೆ ಹಾಕದಿದ್ದರೆ ಮುಚ್ಚುವುದೇ ಇಲ್ಲ.

ಹಲ್ಲಿನ ಡಾಕ್ಟರಿಗೆ ಹಲ್ಲೇ ಸಾಕು ಎಂದುಕೊಂಡಾಗ ಅವನಿಗೆ ಒಳಗೊಳಗೇ ನಗು ಬಂತು. ಇಂಥ ತಮಾಷೆಯನ್ನು ಊಟದ ಹೊತ್ತಿನಲ್ಲಿ ಹೇಳುವಂತಿಲ್ಲವಲ್ಲ ಎಂದು ಬೇಸರವೂ ಆಯಿತು.

ಉಪಾಯದಲ್ಲಿ ಅವಸರ ಮಾಡಲಿಲ್ಲ. ದಡ್ಡನಾಗಿದ್ದರೆ ಆ ಪಟ್ಟಿಯನ್ನು ಅರದಿಂದ ಉಜ್ಜಿ ಸವೆಸುತ್ತಿದ್ದ. ಅರದ ಗೀರು ಕಣ್ಣಿರುವ ಯಾರಿಗಾದರೂ ಕಾಣುತ್ತದೆ, ಕಬ್ಬಿಣದ ಪುಡಿ ಗೇರ್‌ಬಾಕ್ಸಿನ ತಳದಲ್ಲಿರುವ ಅಯಸ್ಕಾಂತಕ್ಕೆ ಅಂಟಿ ಸಾಕ್ಷಿ ಹೇಳುತ್ತದೆ. ಇವನಿಗೆ ಉಜ್ಜುವ ಅಗತ್ಯವೇ ಇರಲಿಲ್ಲ. ಗ್ಯಾರೇಜಿನ ಹಿಂದುಗಡೆ ಅದೇ ಮಾದರಿಯ ಇನ್ನೊಂದು ಮುದಿ ಕಾರು, ಯಾರೋ ಬಿಟ್ಟುಹೋದದ್ದು, ಗುಜರಿಗೆ ಹೋಗಲು ಕಾದು ನಿಂತಿತ್ತು. ಅದರ ಪಟ್ಟಿ ವರ್ಷಗಟ್ಟಲೆ ದುಡಿದು ತಾನಾಗಿ ಸವೆದಿತ್ತು. ಕಾಲವೇ ಮಾಡಿಟ್ಟ ಕೆಲಸ. ಅದನ್ನು ಬಿಚ್ಚಿ ಇದಕ್ಕೆ ಹಾಕುವುದು, ಇದರ ಗಟ್ಟಿ ಪಟ್ಟಿಯನ್ನು ಅದಕ್ಕೆ ಹಾಕಿ ಗುಜರಿಗೆ ಕಳಿಸುವುದು. ನೀಲಿ ಕಾರಿನ ನಿಜವಾದ ಪಟ್ಟಿ ಕರಗಿ ಯಾವುದೋ ಕಿಟಕಿಯ ಸರಳಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಲ್ಲಿ ಕೋಲೇ ಇರುವುದಿಲ್ಲ.

ಇನ್ನು ಗೇರ್‌ಬಾಕ್ಸಿನ ತಳ ಬಿಚ್ಚಿದ್ದೇಕೆ ಎಂಬ ಪ್ರಶ್ನೆ. ಅದಕ್ಕೂ ಉತ್ತರ ಮುಂದಾಗಿಯೇ ಸಿದ್ಧವಿತ್ತು. ಎಲ್ಲರ ಮುಂದೆ, ಎಲ್ಲರಿಗೂ ಹೇಳಿ, ರಾಜಾರೋಷವಾಗಿ ಬಿಚ್ಚುವುದು. ಆಯಿಲ್ ಬದಲಿಸುವುದು ಮಾತ್ರವಲ್ಲ, ಕಾರಿಗೆ ಒಳ್ಳೊಳ್ಳೆಯ ಹೊಸ ಭಾಗಗಳನ್ನು ಹಾಕಿಕೊಡುವುದು. ಷಡ್ಡಕನಿಗೆ ದೊಡ್ಡಳಿಯನ ಉಡುಗೊರೆ. ಇಷ್ಟು ಪ್ರೀತಿಯಿಂದ ಮಾಡಿದವನ ಮೇಲೆ ಯಾರು ಬೆರಳು ತೋರಿಸುತ್ತಾರೆ?

"ಏನೇನೋ ಹಾಕ್ತಾನಂತೆ," ಎಂದು ಮಾವ ಮಗಳ ಹತ್ತಿರ ಹೇಳಿದ್ದು ಇವನ ಕಿವಿಗೂ ಬಿತ್ತು. "ಒಳ್ಳೇದಾಯ್ತು ಬಿಡು. ಅವನಿಗೆ ಬೇಜಾರಾಗಿದೆ ಅಂದ್ಕೊಂಡಿದ್ದೆ."

ರಜೆಯ ದಿನ, ಗ್ಯಾರೇಜಿನಲ್ಲಿ ಬೇರೆ ಯಾರೂ ಇಲ್ಲದಾಗ ಕೆಲಸ ಇಟ್ಟುಕೊಂಡ. ಆದರೆ ಡಾಕ್ಟರು ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಬೆಳಿಗ್ಗೆಯೇ ಹಾಜರ್. ನೋಡಬೇಕೆಂದು ಆಸೆಯಂತೆ. ಬೇಡ ಎನ್ನಲಾಗದೆ ಟಾರ್ಚು ಕೈಗೆ ಕೊಟ್ಟ. ತಳದ ತಟ್ಟೆಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಒಂದು ಮೂಲೆ ಬಗ್ಗಿಸಿದಾಗ ಹಳೆಯ ಆಯಿಲ್ ಕಪ್ಪಗೆ, ಸುಟ್ಟ ವಾಸನೆಯೊಂದಿಗೆ ಬೋಗುಣಿಗೆ ಇಳಿಯಿತು.

"ಅಯ್ಯೋ, ಹೀಗಾಗಿದೆಯಾ?" ಎಂದರು ಡಾಕ್ಟರು. "ಇಷ್ಟು ದಿನ ಇದನ್ನೇ ಕುಡ್ಕೊಂಡು ಓಡ್ತಿತ್ತಾ ಪಾಪ? ಹೊಸದು ಹೇಗಿರತ್ತೆ?"

"ಕೆಂಪಗಿರತ್ತೆ."

"ನಮ್ಮಲ್ಲಿ ಬಾಯಿ ಮುಕ್ಕಳಿಸೋಕೆ ಕೊಡೋ ನೀರಿನ ಥರ. ಅಣ್ಣ, ಒಂದು ಮಾತು ಹೇಳ್ಲಾ? ಈ ಕಾರು ನಿಮಗೇ ಸಿಗಬೇಕಾಗಿತ್ತು. ನಾನು ಮಾವನ ಹತ್ರ ಹೇಳ್ದೆ ಕೂಡ."

ಇವನು ಬೋಗುಣಿಯನ್ನು ಪಕ್ಕಕ್ಕೆ ಸರಿಸಿದ. ಡಾಕ್ಟರು ಹೇಳಿದ್ದರೋ ಇಲ್ಲವೋ, ಹೇಳಿದ್ದರೆ ಅದು ಇನ್ನೂ ದೊಡ್ಡ ಅವಮಾನ. ಕದ್ದುಕೊಂಡು ಹೋದರೆ ತಡೆದುಕೊಳ್ಳಬಹುದು. ಬೇಡವೆಂದವನಿಗೇ ಕರೆದು ಕೊಟ್ಟರೆ ತಡೆದುಕೊಳ್ಳುವುದು ಹೇಗೆ? ಅಷ್ಟರಲ್ಲಿ ಯಾರಿಗೋ ಹಲ್ಲುನೋವೆಂದು ಕ್ಲಿನಿಕ್ಕಿನಿಂದ ಫೋನು ಬಂತು. ಡಾಕ್ಟರು ಟಾರ್ಚು ಕೆಳಗಿಟ್ಟು, ಚಹಾ ತಣ್ಣಗಾಗುವ ಮೊದಲು ಕುಡಿಯಿರಿ ಎಂದು ಹೇಳಿ, ನಡೆದುಕೊಂಡೇ ಹೋದರು.

ಇವನು ಚಹಾ ಕುಡಿಯಲಿಲ್ಲ. ಷಟರನ್ನು ಅರ್ಧ ಇಳಿಸಿ ಕಾರಿನ ಕೆಳಗೆ ಜಾರಿದ. ಪಟ್ಟಿಯ ಎರಡು ಬೋಲ್ಟುಗಳು ತಕರಾರಿಲ್ಲದೆ ಬಂದವು. ಗಟ್ಟಿ ಪಟ್ಟಿ ಹೊರಗೆ, ಸವೆದ ಪಟ್ಟಿ ಒಳಗೆ. ಬೆರಳಿಗೆ ಅದರ ತಗ್ಗು ಹತ್ತಿತು. ಈ ಕೆಲಸವನ್ನು ಕೈಗಳು ಕಣ್ಣಿಲ್ಲದೆಯೂ ಮಾಡಬಲ್ಲವು. ಕೂರಿಸಿದ್ದು, ಬಿಗಿಮಾಡಿದ್ದು, ಮುಗಿಸಿದ್ದು ಎಲ್ಲವನ್ನೂ ಅವು ತಮ್ಮ ಪಾಡಿಗೆ ತಾವು ಎಂದಿನ ಅಚ್ಚುಕಟ್ಟಿನಲ್ಲಿ ಮಾಡಿದವು. ಮನಸ್ಸು ಮಾತ್ರ ಆ ಹೊತ್ತಿನಲ್ಲಿ ಇಳಿಜಾರಿನ ಗೇಟಿನ ಹತ್ತಿರ ಹೋಗಿ ನಿಂತಿತ್ತು, ಮುಂದೆ ಬೆನ್ನು ಮಾಡಿ ನಿಂತ ಮನುಷ್ಯನನ್ನು ನೋಡುತ್ತ.

ಉಳಿದ ಕೆಲಸವನ್ನು ಅವನು ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಸುಳ್ಳಿಲ್ಲ. ಹೊಸ ಫಿಲ್ಟರ್ ಹಾಕಿದ. ತಟ್ಟೆಯ ಅಂಚಿನಲ್ಲಿ ಸೋರುತ್ತಿದ್ದ ಕಾರ್ಕಿನ ಗ್ಯಾಸ್ಕೆಟ್ ಕಿತ್ತು ರಬ್ಬರಿನದು ಕೂರಿಸಿದ. ತಳದ ತಟ್ಟೆಗೆ ಆಯಿಲ್ ಇಳಿಸುವ ತಿರುಪು ಕಾರ್ಖಾನೆಯವರೇ ಇಟ್ಟಿರಲಿಲ್ಲ. ತೂತು ಕೊರೆದು ಒಂದು ಒಳ್ಳೆಯ ತಿರುಪು ಸೇರಿಸಿದ, ಮುಂದೆ ಯಾರು ಬಿಚ್ಚಿದರೂ ಮೈಮೇಲೆ ಚೆಲ್ಲಿಕೊಳ್ಳದೆ ಇಳಿಸಲಿ ಎಂದು. ಅಯಸ್ಕಾಂತವನ್ನು ಒರೆಸಿ ಅದರ ಪಕ್ಕ ಇನ್ನೂ ಬಲವಾದದ್ದೊಂದನ್ನು ಇಟ್ಟ. ರೇಡಿಯೇಟರಿನ ಮುಂದೆ ಆಯಿಲ್ ತಂಪಾಗಲು ಪುಟ್ಟ ಕೂಲರ್ ಕಟ್ಟಿದ. ಕೆಂಪು ಆಯಿಲನ್ನು ಅಳತೆ ನೋಡಿ ನೋಡಿ ತುಂಬಿಸಿದ. ಆ ಕಾರಿನಲ್ಲಿ ಆವತ್ತು ಮೊದಲಿಗಿಂತ ಕೆಟ್ಟದಾದದ್ದು ಒಂದೇ ಒಂದು.

ಮುಗಿಸಿ ಗ್ಯಾರೇಜಿನ ಹಿಂದಿನ ಏರಿನ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡಿದ, ಚಕ್ರದ ಮುಂದೆ ಒಂದಿಷ್ಟು ದೂರದಲ್ಲಿ ಕಲ್ಲಿಟ್ಟು. ಪಾರ್ಕಿಗೆ ಹಾಕಿ ಬಾಗಿಲು ಹಾಕಿದ; ನಿಂತಿತು. ಮತ್ತೆ ಹಾಕಿದ; ನಿಂತಿತು. ಮತ್ತೂ ಹಾಕಿದ; ಕಟ್ ಎಂದು ಒಳಗೆಲ್ಲೋ ಸದ್ದಾಗಿ ಕಾರು ಮೆಲ್ಲಗೆ ಹೊರಟು, ಕಲ್ಲಿಗೆ ಬಡಿದು ನಿಂತಿತು. ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಇದಕ್ಕಿಂತ ಬೇರೇನು ಬೇಕು. ಯಾವತ್ತು ಬಿಡುತ್ತದೆಂದು ಅವನಿಗೇ ತಿಳಿಯದ ಮೇಲೆ, ಕೊಂದವನು ಅವನು ಹೇಗಾಗುತ್ತಾನೆ? ಹಳೆಯ ಕಾರಿನಲ್ಲಿ ಹಳೆಯ ತುಂಡೊಂದು ಇದ್ದರೆ ಅದೇನು ಪಾಪವೇ? ಮಿಕ್ಕಿದ್ದು ಇಳಿಜಾರಿನ ಕೆಲಸ.

ಕಾರು ಬೆಣ್ಣೆಯಂತೆ ಓಡತೊಡಗಿತು. ಡಾಕ್ಟರು ಮಾವನನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿಸಿದರು. ಇಳಿದು ಬಂದ ಮಾವ, "ಎಷ್ಟು ಚೆನ್ನಾಗಿ ಓಡಿಸ್ತೀರಿ ನೀವು, ಗೇರ್ ಬಿದ್ದದ್ದೇ ಗೊತ್ತಾಗಲ್ಲ" ಎಂದು ಡಾಕ್ಟರನ್ನೇ ಹೊಗಳಿದರು. ಪಕ್ಕದಲ್ಲಿ ನಿಂತಿದ್ದ ದೊಡ್ಡಳಿಯನಿಗೆ ಪಟ್ಟಿ ಬದಲಿಸಿದ್ದರ ಬಗ್ಗೆ ಏನಾದರೂ ಅಳುಕು ಉಳಿದಿದ್ದರೆ ಆಗ ಅದೂ ಹೋಯಿತು.

ಸುದ್ದಿ ಬಂದದ್ದು ಒಂದು ಸಂಜೆ. ಫೋನು ಎತ್ತಿದ ಹೆಂಡತಿ ಗೋಡೆ ಹಿಡಿದು ಕೂತಳು. ಕಾರು ಜಾರಿ ಡಾಕ್ಟರನ್ನು ಗೇಟಿಗೆ ಒತ್ತಿತ್ತು. ಆದರೆ ಆ ಗೇಟಿನ ಕೀಲು ತುಕ್ಕು ಹಿಡಿದಿತ್ತು, ಡಾಕ್ಟರು ಸೋಮಾರಿತನದಿಂದ ರಿಪೇರಿ ಮಾಡಿಸದೆ ಬಿಟ್ಟಿದ್ದರು. ಭಾರ ಬಿದ್ದಾಗ ಗೇಟೇ ಕಿತ್ತು ಬಂದು, ಅವರು ಅದರ ಜೊತೆ ಪಕ್ಕಕ್ಕೆ ಉರುಳಿದರು. ತೊಡೆ ಮುರಿಯಿತು, ಸೊಂಟ ಬಿರುಕು ಬಿಟ್ಟಿತು, ಜೀವ ಉಳಿಯಿತು. ಸೋಮಾರಿಗಳನ್ನು ದೇವರು ಕಾಯುತ್ತಾನೆ ಎನ್ನುವುದು ಸುಳ್ಳಲ್ಲ ಎಂದು ಇವನು ಹಲ್ಲು ಕಚ್ಚಿಕೊಂಡ.

ಆಮೇಲೆ ಆದದ್ದನ್ನು ಅವನು ಲೆಕ್ಕ ಹಾಕಿರಲೇ ಇಲ್ಲ. ಮನೆಯ ಪ್ರೀತಿಯಲ್ಲಿ ಅಲ್ಪಸ್ವಲ್ಪ ಇವನ ಪಾಲಿಗೆ ಉಳಿದಿದ್ದದ್ದೂ ಆಸ್ಪತ್ರೆಯ ಕೋಣೆಗೆ ಸಾಗಿತು. ಮಾವ ಮಂಡಿ ನೋವು ಮರೆತು ದಿನಾ ಮೆಟ್ಟಿಲು ಹತ್ತಿದರು. ಇವನ ಹೆಂಡತಿ ಬೆಳಿಗ್ಗೆಯೆದ್ದು ಗಂಜಿ ಕಾಯಿಸಿ ಡಬ್ಬಿಗೆ ತುಂಬಿಸಿಕೊಂಡು ಓಡುತ್ತಿದ್ದಳು. ಹೋದ ಸಲ ಇವನಿಗೆ ಜ್ವರ ಬಂದಾಗ "ಮಾತ್ರೆ ಮೇಜಿನ ಮೇಲಿದೆ" ಎಂದಿದ್ದಳು. ನೋಡಲು ಹೋದರೆ, ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ ಡಾಕ್ಟರು ಅಲ್ಲಿಯೂ ನರ್ಸುಗಳನ್ನು ನಗಿಸುತ್ತಿದ್ದರು.

"ಅಣ್ಣ, ಅವತ್ತೇ ಹೇಳಿದ್ರಿ ಹ್ಯಾಂಡ್‌ಬ್ರೇಕ್ ಹಾಕು ಅಂತ," ಎಂದು ಇವನ ಕೈ ಹಿಡಿದುಕೊಂಡರು. "ನಿಮ್ಮ ಮಾತು ಕೇಳಿದ್ರೆ ಹೀಗಾಗ್ತಿರ್ಲಿಲ್ಲ."

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಡಾಕ್ಟರು ಸತ್ತಿರದಿದ್ದರೂ ಇವನು ಸಿಕ್ಕಿಬಿದ್ದಿರಲಿಲ್ಲ. ಮಾವ "ಗಾಡಿಗೂ ವಯಸ್ಸಾಯ್ತು, ನನ್ನ ಹಾಗೆ. ಗುಜರಿಗೆ ಹಾಕಿಬಿಡೋಣ" ಎಂದಿದ್ದರು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಕಾರೂ, ಅದರ ಹೊಟ್ಟೆಯೊಳಗಿನ ಗುಟ್ಟೂ ಒಟ್ಟಿಗೇ ಕರಗಿಹೋಗುತ್ತಿದ್ದವು.

ಆದರೆ ಮಾತು ಬೇರೆ ದಾರಿ ಹಿಡಿದಿತ್ತು. ಗ್ಯಾರೇಜಿನ ಎದುರಿನ ವೆಲ್ಡಿಂಗ್ ಅಂಗಡಿಯವನು ಯಾರ ಹತ್ತಿರವೋ, "ನೆಟ್ಟಗಿದ್ದ ಗೇರ್‌ಬಾಕ್ಸಿಗೆ ಕೈ ಹಾಕಿ ಕೆಡಿಸಿದ" ಎಂದನಂತೆ. ಅದು ಸುತ್ತಿಕೊಂಡು ಇವನ ಕಿವಿಗೆ ಬಂತು. ಅದನ್ನಾದರೂ ಸಹಿಸಬಹುದಿತ್ತು. ಗಂಜಿಯ ಡಬ್ಬಿ ತೊಳೆಯುತ್ತ ಹೆಂಡತಿ ತಲೆಯೆತ್ತದೆ ಕೇಳಿದಳು: "ನೀವು ಸರಿಯಾಗಿ ನೋಡಿಯೇ ಮಾಡಿದ್ರಿ ತಾನೆ? ಏನೂ ಮರೆತಿರ್ಲಿಲ್ಲ ತಾನೆ?"

ಅವನಿಗೆ ಮೈಯೆಲ್ಲ ಉರಿದುಹೋಯಿತು. ಕೊಲೆಗಾರ ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ; ಅವಳು ಅವನನ್ನು ಕೆಲಸ ಬಾರದವನು ಎಂದಿದ್ದಳು. ಪ್ರೀತಿ, ಗೌರವ, ನಗು, ಕಾರು ಎಲ್ಲ ಡಾಕ್ಟರಿಗೆ ಹೋದ ಮೇಲೆ ಇವನಲ್ಲಿ ಉಳಿದಿದ್ದದ್ದು ಕೈಯ ಹೆಸರೊಂದೇ. ಈಗ ಅದನ್ನೂ ಆ ಮನುಷ್ಯ ಮಲಗಿದಲ್ಲಿಂದಲೇ ಕಿತ್ತುಕೊಳ್ಳುತ್ತಿದ್ದ.

ಅಪಘಾತದ ಕಾರನ್ನು ನೋಡಲು ವಾಹನ ತಪಾಸಣೆಯ ಅಧಿಕಾರಿ ಬಂದರು. ಕಾರನ್ನು ಗ್ಯಾರೇಜಿಗೆ ಎಳೆದು ತಂದು ನಿಲ್ಲಿಸಿದ್ದರು. ಮಾವ ಕುರ್ಚಿಯಲ್ಲಿ ಕೂತಿದ್ದರು, ಇಬ್ಬರು ಹೆಣ್ಣುಮಕ್ಕಳೂ ಬಾಗಿಲ ಹತ್ತಿರ ನಿಂತಿದ್ದರು. ಎದುರಂಗಡಿಯ ವೆಲ್ಡರೂ ಏನೋ ನೆಪ ಮಾಡಿಕೊಂಡು ಬಂದಿದ್ದ. ಅಧಿಕಾರಿ ಗೇರನ್ನು ಪಾರ್ಕಿಗೆ ಹಾಕಿ ಕಾರನ್ನು ಒಮ್ಮೆ ದೂಡಿದರು, ಮತ್ತೊಮ್ಮೆ ದೂಡಿದರು, ಜಾರಿತು. ಅವರಿಗೆ ಅಷ್ಟೇ ಸಾಕಾಗಿತ್ತು.

"ಹಳೇ ಗಾಡಿ, ನಿರ್ವಹಣೆಯಲ್ಲಿ ಲೋಪ ಅಂತ ಬರ್ಕೋತೀನಿ," ಎಂದರು. "ಕೇಸು ಗೀಸು ಏನೂ ಇಲ್ಲ. ಇಲ್ಲಿಗೆ ಮುಗೀತು."

"ಲೋಪ ಅಂದ್ರೆ?" ಎಂದು ಇವನು ಕೇಳಿದ.

"ಅಂದ್ರೆ ಮೊನ್ನೆ ಮೊನ್ನೆ ಕೆಲಸ ಆಗಿದೆಯಲ್ಲ. ಎಲ್ಲೋ ಸ್ವಲ್ಪ ಹೆಚ್ಚುಕಮ್ಮಿ ಆಗಿರ್ಬೇಕು. ಆಗತ್ತೆ ಬಿಡಿ, ಎಲ್ಲರ ಕೈಲೂ ಆಗತ್ತೆ."

ವೆಲ್ಡರು ಗಂಟಲು ಸರಿಮಾಡಿಕೊಂಡ. ಹೆಂಡತಿ ನೆಲ ನೋಡಿದಳು. ಇವನಿಗೆ ಆ ಕ್ಷಣ ಎರಡು ದಾರಿ ನಿಚ್ಚಳವಾಗಿ ಕಂಡವು, ಸುಮ್ಮನಿದ್ದರೆ ಪಾರು ಎಂಬುದೂ ಕಂಡಿತು. ಆದರೆ ಒಳಗೆ ಹೆದರುವಂಥದ್ದು ಏನಿತ್ತು? ಅರದ ಗೀರಿಲ್ಲ. ಪುಡಿಯಿಲ್ಲ. ಗಟ್ಟಿ ಪಟ್ಟಿ ಗುಜರಿಯ ಕುಲುಮೆಯಲ್ಲಿ ಕರಗಿತ್ತು. ಇದ್ದದ್ದು ತಾನಾಗಿ ಸವೆದ ಒಂದು ತುಂಡು ಮತ್ತು ಅದರ ಸುತ್ತ ಯಾರೂ ಹೆಸರಿಡಲಾಗದಂಥ ಕೆಲಸ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ತಾನಲ್ಲ ಎಂದುಕೊಂಡ. ಹೆಗಲನ್ನು ಎಲ್ಲರೂ ಬಂದು ನೋಡಲಿ.

"ಬಿಚ್ಚಿ ನೋಡಿ," ಎಂದ. "ನಾನು ಮಾಡಿದ್ದು ಆಯಿಲು, ಫಿಲ್ಟರು, ಗ್ಯಾಸ್ಕೆಟ್ಟು, ಕೂಲರ್. ಪಾರ್ಕಿನ ಹಲ್ಲು ಇರೋ ಕಡೆ ನನ್ನ ಕೈ ಹೋಗೇ ಇಲ್ಲ. ಅದು ಸವೆದು ಹೋಗಿದ್ರೆ ಗಾಡಿಗೆ ವಯಸ್ಸಾಗಿದೆ ಅಂತ ಬರೀರಿ, ನನ್ನ ಕೆಲಸದಲ್ಲಿ ಲೋಪ ಅಂತ ಬರೀಬೇಡಿ. ಎಲ್ಲರ ಎದುರಿಗೇ ಬಿಚ್ಚಿ."

"ಬೇಡ ಬಿಡೋ," ಎಂದರು ಮಾವ ಕೂತಲ್ಲಿಂದಲೇ. "ಯಾರು ಏನಂದ್ರು ನಿನಗೆ?"

"ಇಲ್ಲ ಮಾವ, ಬಿಚ್ಚಲೇಬೇಕು."

ಅಧಿಕಾರಿ ಕೈಗಡಿಯಾರ ನೋಡಿಕೊಂಡು, ಕೆಲಸ ಮಾಡಿದವನೇ ಬಿಚ್ಚುವ ಹಾಗಿಲ್ಲ, ಬೇರೆ ಯಾರಾದರೂ ತಿಳಿದವರು ಬಿಚ್ಚಲಿ ಎಂದರು. ವೆಲ್ಡರು ಒಂದು ಹೆಜ್ಜೆ ಮುಂದೆ ಬಂದ. ಅದನ್ನು ಕಂಡ ಮಾವ ಕುರ್ಚಿಯ ಕೈ ಹಿಡಿದು ಎದ್ದರು. ತಮ್ಮ ಶಿಷ್ಯನ ಕೆಲಸವನ್ನು ಪರರು ಬಿಚ್ಚುವುದು ಅವರಿಗೆ ಸರಿಬರಲಿಲ್ಲ. ಇವನು ಓಡಿಹೋಗಿ ಕಾರಿನಡಿ ಚಾಪೆ ಹಾಸಿದ, ತಲೆಗೆ ಒಂದು ಮಡಿಸಿದ ಚೀಲ ಇಟ್ಟ, ಟಾರ್ಚಿನ ಬೆಳಕು ನೋಡಿ ಅವರ ಕೈಗೆ ಕೊಟ್ಟ. ಮಾವ ಅಂಗಿಯ ತೋಳು ಮಡಚಿ ಕೆಳಗೆ ಜಾರಿದರು. ಹೊಸ ತಿರುಪು ಬಿಚ್ಚಿದಾಗ ಕೆಂಪು ಆಯಿಲ್ ಒಂದು ಹನಿಯೂ ಆಚೀಚೆ ಆಗದೆ ಬೋಗುಣಿಗೆ ಇಳಿಯಿತು. "ಒಳ್ಳೇ ಕೆಲಸ ಮಾಡಿದೀಯ ಕಣೋ," ಎಂದು ಕಾರಿನಡಿಯಿಂದ ಮಾವನ ದನಿ ಬಂತು, ಎಲ್ಲರಿಗೂ ಕೇಳುವ ಹಾಗೆ. ಇವನ ಎದೆ ತುಂಬಿತು. ವೆಲ್ಡರನ್ನು ನೋಡಿದ, ಹೆಂಡತಿಯನ್ನು ನೋಡಿದ. ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಮಾತು ಅದು.

ತಟ್ಟೆ ಕೆಳಗಿಳಿಯಿತು. ಟಾರ್ಚಿನ ಬೆಳಕು ಕಾರಿನ ಹೊಟ್ಟೆಯೊಳಗೆ ಆಚೀಚೆ ಓಡಾಡಿ ಒಂದು ಕಡೆ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು. "ಸವೆದಿದೆಯಾ ಮಾವ?" ಎಂದು ಇವನು ಕೇಳಿದ. ಆಮೇಲೆ ಮಾವ ತಣ್ಣಗೆ, ಯಾರೋ ಹೊಸಬರೊಡನೆ ಆಡುವ ಹಾಗೆ, "ಸ್ವಲ್ಪ ಇಲ್ಲಿ ಬನ್ನಿ" ಎಂದರು. ಅಧಿಕಾರಿಯನ್ನು ಕರೆದರೆಂದು ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಅವರನ್ನಲ್ಲ. ನಿಮ್ಮನ್ನೇ," ಎಂದರು ಮಾವ. ಅವನು ಮಂಡಿಯೂರಿ ಒಳಗೆ ತಲೆ ಹಾಕಿದ. ಬೆಳಕಿನ ನಡುವೆ ಸವೆದ ಪಟ್ಟಿ ಇತ್ತು, ಅವನು ಎಣಿಸಿದ್ದಂತೆಯೇ, ಒಂದು ಗೀರೂ ಇಲ್ಲದೆ. ಅದನ್ನು ಹಿಡಿದಿದ್ದ ಎರಡು ಬೋಲ್ಟುಗಳ ತಲೆಯ ಮೇಲೆ, ಅಲ್ಲಿಂದ ಪಕ್ಕದ ಲೋಹದವರೆಗೆ, ನೆಟ್ಟಗೆ, ಅಚ್ಚುಕಟ್ಟಾಗಿ, ಹಳದಿ ಬಣ್ಣದ ಎರಡು ಗೆರೆಗಳಿದ್ದವು.